ಅಟ್ಟದಿಂದ ಇಳಿದ ಸೈಕಲ್ಲು

ಬೆಳಗಿನ ಐದು ಗಂಟೆಗೆಲ್ಲ ಉಶಿಜಿಮಾ ಸೈಕಲ್ ಕಾರ್ಖಾನೆಯ ಶಟರು ಅರ್ಧ ಎತ್ತಿರುತ್ತದೆ. ಇವತ್ತು ಅದಕ್ಕೂ ಮುಂಚೆಯೇ ಪೂರ್ತಿ ಎತ್ತಿದೆ. ಒಳಗೆ, ತಲೆಗೆ ಟವೆಲು ಬಿಗಿದ ಕುಳ್ಳಗಿನ ಹೆಂಗಸೊಬ್ಬರು ನೀಲಿ ಫ್ರೇಮೊಂದನ್ನು ಕಬ್ಬಿಣದ ಅಚ್ಚಿಗೆ ಬಿಗಿದು, ಅದರ ಹಿಂಭಾಗದ ಪೈಪನ್ನು ಗರಗಸದಲ್ಲಿ ಕುಯ್ಯುತ್ತಿದ್ದಾರೆ. ಕುಯ್ಯುತ್ತಲೇ ತಮ್ಮನ್ನು ತಾವೇ ಬೈದುಕೊಳ್ಳುತ್ತಿದ್ದಾರೆ.

"ಬುದ್ಧಿ ಇದೆಯಾ ನಿಂಗೆ? ಒಂದು ಮಾತು ಕೇಳಿದ್ರೆ ಗಂಟೇನು ಹೋಗ್ತಿತ್ತು? ಬಾಯಲ್ಲಿ ಅನ್ನದುಂಡೆ ತುರುಕ್ಕೊಂಡು ನಿಂತಿದ್ಯಾ?"

ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು ಅರ ಆಡಿಸುತ್ತಿರುವ ಗಂಡ ಕೋಜೊ ತಲೆ ಎತ್ತುವುದಿಲ್ಲ. "ನಿನ್ನ ಬಯ್ಯೂ ಕೆಲಸ ನನಗ ಬಿಡು. ನನಗ ಅದರ ರೂಢಿ ಐತಿ. ನೀ ಪೈಪ್ ನೋಡು."

ಇವರು ಚಿಯೊಮಿ ಉಶಿಜಿಮಾ. ವಯಸ್ಸು ಅರವತ್ತೆರಡು. ನಮ್ಮ ಕುರುಮೆಯ ಟ್ರ್ಯಾಕಿನಲ್ಲಿ ನಡೆಯುವ ಕೇರಿನ್, ಅಂದರೆ ಜನ ಬಾಜಿ ಕಟ್ಟುವ ಸೈಕಲ್ ಪಂದ್ಯದ, ಹಲವು ಓಟಗಾರರ ಸೈಕಲ್ಲು ಹುಟ್ಟುವುದು ಈ ಕೈಗಳಲ್ಲಿ. ಪತ್ರಿಕೆಗೆ ಇವರ ದಿನಚರಿ ಬರೆದುಕೊಳ್ಳೋಣ, ಒಂದೆರಡು ಒಳ್ಳೆಯ ಮಾತು ಗಿಟ್ಟಿಸೋಣ ಎಂದು ನಸುಕಿನಲ್ಲೇ ಎದ್ದು ಬಂದರೆ ನನಗೆ ಸಿಕ್ಕಿದ್ದು ಈ ಬೈಗುಳ. ಕೂತು ಕೇಳಿದೆ. ಕೇಳಿದ್ದೇ ಒಳ್ಳೆಯದಾಯಿತು.

ಚಿಯೊಮಿ ಅಕ್ಕನ ತವರು ಪೂರ್ವದ ನೀಗಾತ ಕಡೆ, ಸಂಜೊ ಎಂಬ ಕಮ್ಮಾರರ ಊರು. ಅಪ್ಪ ಕುಡುಗೋಲು ಬಡಿಯುತ್ತಿದ್ದವರು. ಕೋಜೊರನ್ನು ಮದುವೆಯಾಗಿ ಇಲ್ಲಿಗೆ ಬಂದಾಗ ಅತ್ತೆಮನೆಯವರು ಇವರನ್ನು ಅಡುಗೆಮನೆಗೆ ಕಳಿಸಿದರು. ಆ ಅಡುಗೆಮನೆಯಿಂದ ಕಾರ್ಖಾನೆಗೆ ಬರಲು ಹೆಚ್ಚು ದಿನ ಹಿಡಿಯಲಿಲ್ಲ. "ನನ್ನ ಸಾರು ತಿಂದ್ರಲ್ಲ, ಅವರೇ ಕಳಿಸಿಬಿಟ್ರು" ಎಂದು ನಗುತ್ತಾರೆ. ಕೋಜೊರ ಬಲಗೈ ನಡುಗಲು ಶುರುವಾದ ಮೇಲೆ ಬೆಂಕಿಯ ಕೆಲಸವೆಲ್ಲ ಇವರದೇ. ತಿಂಗಳಿಗೆ ಎರಡು ಫ್ರೇಮು, ಮೈ ನೆಟ್ಟಗಿದ್ದರೆ ಮೂರು. ಫ್ರೇಮಿನ ಮೇಲೆ ಬರೆದಿರುವುದು ಉಶಿಜಿಮಾ ಎಂದು ಮಾತ್ರ. ಊರಿನವರು ಕೋಜೊರನ್ನು ಕಂಡರೆ "ಏನು ಫ್ರೇಮ್ ಮಾಡ್ತೀರಪ್ಪಾ" ಎಂದು ಕೈ ಕುಲುಕುತ್ತಾರೆ. ಅವರೂ ಕುಲುಕಿಸಿಕೊಂಡು ಬರುತ್ತಾರೆ, ಬಂದು ಹೆಂಡತಿಗೆ ವರದಿ ಒಪ್ಪಿಸುತ್ತಾರೆ.

ಈ ಸೈಕಲ್ಲಿಗೆ ಬ್ರೇಕಿಲ್ಲ. ಹಿಂದಿನ ಚಕ್ರಕ್ಕೂ ಪೆಡಲ್ಲಿಗೂ ಗಂಟು ಬಿದ್ದಿರುತ್ತದೆ. ಚಕ್ರ ತಿರುಗುವಷ್ಟು ಹೊತ್ತೂ ಕಾಲು ತಿರುಗಲೇಬೇಕು, ಇಳಿಜಾರಿನಲ್ಲಿ ಕಾಲು ಬಿಟ್ಟು ಗಾಳಿ ಕುಡಿಯುತ್ತ ಹೋಗುವ ಸುಖ ಇದರಲ್ಲಿಲ್ಲ. ಹಾಗಾಗಿ ಫ್ರೇಮು ಕೂದಲೆಳೆಯಷ್ಟು ಸೊಟ್ಟಗಿದ್ದರೂ ಓಟಗಾರನ ಸೊಂಟಕ್ಕೆ ತಿಳಿಯುತ್ತದೆ. ತಿಳಿದದ್ದನ್ನು ಬಾಯಲ್ಲಿ ಹೇಳಲು ಮಾತ್ರ ಅವನಿಗೆ ಬರುವುದಿಲ್ಲ.

"ಒಬ್ಬ ಬಂದು 'ಕಚ್ಚಬೇಕು' ಅಂತಾನೆ. ಇನ್ನೊಬ್ಬ 'ಹರೀಬೇಕು' ಅಂತಾನೆ. ಎಷ್ಟು ಕಚ್ಚಬೇಕಪ್ಪಾ ಅಂದ್ರೆ ಗಾಳೀಲಿ ಕೈ ಆಡಿಸ್ತಾನೆ, ಮೀನು ಹಿಡಿಯೋನ ಥರ. ಅದನ್ನ ನೋಡಿ ನಾನು ಪೈಪು ಆರಿಸಬೇಕು. ಇಷ್ಟು ವರ್ಷ ಇವರ ಮಾತಿನ ಅರ್ಥ ಹುಡುಕೋದೇ ನನ್ನ ಬಾಳಾಗೋಯ್ತು. ಕೊನೆಗೆ ಒಂದೇ ಒಂದು ಪದದಲ್ಲಿ ಮುಗ್ಗರಿಸಿದೆ ನೋಡಿ."

ಆ ಪದ 'ನಾವೊಸು'. ಪೂರ್ವದವರಿಗೆ ಅದರ ಅರ್ಥ ರಿಪೇರಿ. ನಮ್ಮ ಪಶ್ಚಿಮದ ಕ್ಯೂಶು ದ್ವೀಪದಲ್ಲಿ ನಾವೊಸು ಎಂದರೆ ಎತ್ತಿಡುವುದು. ತಟ್ಟೆ ನಾವೊಸು, ಕೊಡೆ ನಾವೊಸು, ಚಳಿಗಾಲ ಮುಗಿದರೆ ಹಾಸಿಗೆ ನಾವೊಸು. ಇದನ್ನು ನೆಪ ಮಾಡಿಕೊಂಡು ಪೂರ್ವದಿಂದ ಬಂದ ಸೊಸೆಯರನ್ನು ಗೋಳುಹೊಯ್ದುಕೊಳ್ಳುವುದು ಇಲ್ಲಿಯ ಮನೆಮನೆಯ ಆಟ. ಚಿಯೊಮಿ ಅಕ್ಕನೂ ಹೊಸದರಲ್ಲಿ ಸಾಕಷ್ಟು ಅನುಭವಿಸಿದವರೇ. ಅತ್ತೆ ಛತ್ರಿ ನಾವೊಸು ಎಂದದ್ದಕ್ಕೆ ಅದರ ಕಡ್ಡಿಯನ್ನೆಲ್ಲ ಬಿಚ್ಚಿ ಕೂತಿದ್ದರಂತೆ.

ಮೂರು ವಾರದ ಹಿಂದೆ ಸಕೆಮಿ ಯೋಹೇ ಈ ನೀಲಿ ಫ್ರೇಮನ್ನು ತಂದರು. ಸಕೆಮಿಗೆ ನಲವತ್ತೊಂದು. ಇಲ್ಲೇ ಹುಟ್ಟಿ ಇಲ್ಲೇ ಓಡಿದ ಓಟಗಾರ. ಮಳೆಯ ಓಟದಲ್ಲಿ ಬಿದ್ದು ಸೈಕಲ್ಲಿನ ಹಿಂಭಾಗ ತಿರುಚಿಕೊಂಡಿತ್ತು. ಫ್ರೇಮನ್ನು ಬಾಗಿಲಲ್ಲಿ ಒರಗಿಸಿ, "ಅಕ್ಕಾ, ಇದನ್ನ ನಾವೊಸು ಮಾಡ್ರಿ" ಎಂದು ತಲೆಬಾಗಿ ಹೊರಟುಹೋದರು.

ಕೇರಿನ್‌ನಲ್ಲಿ ವರ್ಷಕ್ಕೆರಡು ಸಲ ಅಂಕ ಕೂಡುತ್ತಾರೆ. ಕೂಡಿದಾಗ ತಳದಲ್ಲಿ ಉಳಿದವರ ಲೈಸೆನ್ಸು ಹೋಗುತ್ತದೆ. ಸಕೆಮಿ ಆ ತಳದ ಹತ್ತಿರವೇ ತೇಲುತ್ತಿದ್ದರು. ಓಟ ಬಿಟ್ಟವರು ತಮ್ಮ ಕೊನೆಯ ಫ್ರೇಮನ್ನು ಈ ಕಾರ್ಖಾನೆಯ ಅಟ್ಟದಲ್ಲಿ ತೂಗುಹಾಕಿ ಹೋಗುವುದು ಇಲ್ಲಿಯ ರೂಢಿ. ಆಗ ಅವರು ಹೇಳುವುದು ಅದೊಂದೇ ಮಾತು: ನಾವೊಸು. ಯಾಕೆ, ಏನು ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಗಾಯಕ್ಕೆ ಉಪ್ಪು ಸವರಿದಂತೆ.

ಚಿಯೊಮಿ ಅಕ್ಕನೂ ಕೇಳಲಿಲ್ಲ. ಫ್ರೇಮಿಗೆ ಎಣ್ಣೆ ಒರೆಸಿ, ಹಳೆಯ ಪೇಪರು ಸುತ್ತಿ, ಅಟ್ಟಕ್ಕೆ ಏರಿಸಿದರು. ಅಂದು ಊಟ ಸೇರಲಿಲ್ಲವಂತೆ. "ಇವನ ಮೊದಲ್ನೇ ಫ್ರೇಮೂ ನಂದೇ. ಅಷ್ಟು ಚಿಕ್ಕೋನಾಗಿದ್ದ. ಇನ್ನು ಇವನು ಬರಲ್ಲ ಅಂತ ಅತ್ತುಬಿಟ್ಟೆ. ಏನು ಮುಚ್ಚುಮರೆ? ಅತ್ತೆ."

ನಿನ್ನೆ ಸಂಜೆ ಸಕೆಮಿ ಬಂದು, ಬಾಗಿಲಲ್ಲೇ ನಿಂತು ಕೇಳಿದರು: "ಅಕ್ಕಾ, ಆತೇನ್ರೀ ನಂದು?"

"ಏನಾಗಬೇಕಿತ್ತು?"

"ಫ್ರೇಮ್ ರೀ. ನಾಳೆ ಮಧ್ಯಾಹ್ನ ಟ್ರ್ಯಾಕಿಗೆ ಹಾಜರಿ. ಇದ ಕೊನೀ ಕೂಟ, ಮೂರು ದಿನದ ಓಟ. ಇದರಾಗ ಅಂಕ ಬರಲಿಲ್ಲಂದ್ರ ನನ್ನ ಲೈಸೆನ್ಸು ಹೋದಂಗ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಿಜಸ್ಥಿತಿ ಹೊರಬಂದಾಗ ಕೋಜೊ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಅಕ್ಕ ಪೂರ್ವದವರು, ಅವರ ಅರ್ಥದಲ್ಲೇ ಆಡೋಣ ಎಂದು ಸಕೆಮಿ ಮರ್ಯಾದೆಗೆ ನಾವೊಸು ಎಂದು ರಿಪೇರಿ ಕೇಳಿದ್ದರು. ಇಲ್ಲಿಯ ಸೊಸೆಯಾಗಿ ಮಾಗಿದ ಅಕ್ಕ ಇಲ್ಲಿಯ ಅರ್ಥದಲ್ಲೇ ಕೇಳಿಸಿಕೊಂಡಿದ್ದರು. ಇವರಿಗಾಗಿ ಅವರು, ಅವರಿಗಾಗಿ ಇವರು ದಾರಿ ಬಿಟ್ಟುಕೊಟ್ಟು, ನಡುವೆ ಫ್ರೇಮು ಅಟ್ಟ ಸೇರಿತ್ತು!

ಹಾಗಾಗಿ ಈ ನಸುಕಿನ ಗರಗಸ.

ಏಳಕ್ಕೆ ಸಕೆಮಿ ಬರುತ್ತಾರೆ. ದಪ್ಪ ತೊಡೆಯ, ಮೆತ್ತನೆ ದನಿಯ ಮನುಷ್ಯ. ಮನೆಯಲ್ಲಿ ಇನ್ನೊಂದು ಸೈಕಲ್ಲಿದೆಯಲ್ಲ ಎಂದು ನಾನು ಸಮಾಧಾನ ಹೇಳಲು ಹೋಗುತ್ತೇನೆ. "ಅದರ ಮ್ಯಾಲ ಕುಂತಾಗೆಲ್ಲ ಕೊನೀಯವನಾಗೇ ಬಂದೇನ್ರೀ" ಎನ್ನುತ್ತಾರೆ. ನಾನು ಬಾರ್ಲಿ ಚಹಾ ಕುಡಿಯುತ್ತೇನೆ.

ಹಳೆಯ ಪೈಪು ಕಿತ್ತು ಬಂದಿದೆ. ಹೊಸದರ ತುದಿಯನ್ನು ಅಕ್ಕ ಅರದಿಂದ ತೀಡುತ್ತಾರೆ, ಇಟ್ಟು ನೋಡುತ್ತಾರೆ, ಮತ್ತೆ ತೀಡುತ್ತಾರೆ. ಬೆಳಕಿಗೆ ಹಿಡಿದು, ಸಂದಿಯಲ್ಲಿ ಬೆಳಕು ಕಾಣದಂತಾದ ಮೇಲೆಯೇ ಬಿಳಿಗಾರ ಬಳಿಯುತ್ತಾರೆ. ನಮ್ಮ ಅಕ್ಕಸಾಲಿಗರು ಬೆಸುಗೆಗೆ ಬಳಸುವ ಅದೇ ಬಿಳಿಗಾರ. ಜ್ವಾಲೆ ತಾಗಿ ಉಕ್ಕು ಕೆಂಪಗಾಗುತ್ತದೆ, ಹಿತ್ತಾಳೆಯ ಕಡ್ಡಿ ಕರಗಿ ಸಂದಿಯೊಳಗೆ ಸರ್ರನೆ ಇಳಿದುಹೋಗುತ್ತದೆ.

ಇನ್ನು ಆರಬೇಕು. ನೀರು ಹಾಕುವಂತಿಲ್ಲ, ಗಾಳಿ ಬೀಸುವಂತಿಲ್ಲ. ಅವಸರಕ್ಕೆ ತಣಿಸಿದರೆ ಪೈಪು ತನ್ನಿಷ್ಟಕ್ಕೆ ಎಳೆದುಕೊಳ್ಳುತ್ತದೆ. ಸಕೆಮಿ ಗಡಿಯಾರ ನೋಡುತ್ತಾರೆ, ಫ್ರೇಮು ನೋಡುತ್ತಾರೆ. ಕೋಜೊ ಮೆಲ್ಲಗೆ ಬೀಸಣಿಗೆಯತ್ತ ಕೈ ಚಾಚುತ್ತಾರೆ.

"ಮುಟ್ಟಿದ್ರೆ ಕೈ ಮುರೀತೀನಿ" ಎಂದು ಅಕ್ಕ ಬೆನ್ನು ತಿರುಗಿಸಿಕೊಂಡೇ ಹೇಳುತ್ತಾರೆ.

"ನನಗ ಸೆಕಿ ಆಗೇತಿ ಅಂತ..."

"ನಿಮ್ಮ ಸೆಕೆ ಹೊರಗೆ ಹೋಗಿ ಆರಿಸ್ಕೊಳ್ಳಿ."

ಆರಿದ ಮೇಲೆ ಅಕ್ಕ ಫ್ರೇಮಿನ ತಲೆಯಿಂದ ಬಾಲದವರೆಗೆ ದಾರ ಎಳೆದು ನೋಡುತ್ತಾರೆ. ಒಮ್ಮೆ ಮುಖ ಸಿಂಡರಿಸುತ್ತಾರೆ. ಹಿಂಭಾಗವನ್ನು ಎರಡೂ ಕೈಯಲ್ಲಿ ಹಿಡಿದು, ಮೊಣಕಾಲು ಊರಿ, ಗಟ್ಟಿಯಾಗಿ ಒಂದು ಸಲ ಒತ್ತುತ್ತಾರೆ. ಮತ್ತೆ ದಾರ. ಈ ಸಲ ತಲೆಯಾಡಿಸುತ್ತಾರೆ. ಬಣ್ಣ ಬಳಿಯಲು ಸಮಯವಿಲ್ಲ. ಬೂದುಬಣ್ಣದ ಬರಿಯ ಉಕ್ಕಿಗೆ ಎಣ್ಣೆ ಒರೆಸಿ, ಚಕ್ರ ಕಟ್ಟಿ, "ಹೋಗು, ತಪಾಸಣೆಯವರು ಕಾಯಲ್ಲ" ಎಂದು ಅಟ್ಟುತ್ತಾರೆ. ಆತ ತಿರುವು ದಾಟಿದ ಮೇಲೂ ಬಾಗಿಲಲ್ಲೇ ನಿಂತಿರುತ್ತಾರೆ. "ಇವನು ಸೋತ್ರೆ ಅದು ನನ್ನ ಕಿವಿಯ ತಪ್ಪು" ಎಂದಷ್ಟೇ ಹೇಳುತ್ತಾರೆ.

ಟ್ರ್ಯಾಕಿನ ಒಳಗೆ ಹೋದ ಓಟಗಾರರ ಫೋನು ಕೂಟ ಮುಗಿಯುವವರೆಗೆ ಕಸಿದಿಟ್ಟುಕೊಳ್ಳುತ್ತಾರೆ. ಸುದ್ದಿ ತರುವುದು ಕೋಜೊ, ಬೇಲಿಗೆ ಮೂಗು ಒತ್ತಿಕೊಂಡು ನೋಡಿ. ಮೊದಲ ದಿನ ಮೂರನೆಯ ಸ್ಥಾನ. ಎರಡನೆಯ ದಿನ ಐದನೆಯದು. ಲೆಕ್ಕ ಬಲ್ಲವರು ಹೇಳಿದರು: ಕೊನೆಯ ದಿನ ಮೊದಲ ಇಬ್ಬರಲ್ಲಿ ಒಬ್ಬನಾಗಬೇಕು, ಇಲ್ಲದಿದ್ದರೆ ಮುಗಿಯಿತು.

ಕೊನೆಯ ದಿನ ನಾನು ಮತ್ತೆ ಕಾರ್ಖಾನೆಗೆ ಹೋಗುತ್ತೇನೆ. ಬರೆಯಲು ಬೇಕಾದದ್ದೆಲ್ಲ ಆಗಲೇ ಸಿಕ್ಕಿತ್ತು. ಸುಮ್ಮನಿರಲು ಆಗಲಿಲ್ಲ, ಅಷ್ಟೆ. ಚಿಯೊಮಿ ಅಕ್ಕ ಓಟ ನೋಡಲು ಎಂದೂ ಹೋದವರಲ್ಲ. "ಅವರು ಬಿದ್ರೆ ಮನುಷ್ಯನ್ನ ನೋಡೋದು ಬಿಟ್ಟು ಬೆಸುಗೆ ನೋಡ್ತೀನೇನೋ ಅಂತ ಭಯ" ಎನ್ನುತ್ತಾರೆ. ಟ್ರ್ಯಾಕು ಗುಡ್ಡದ ಮೇಲಿದೆ. ಕೊನೆಯ ಸುತ್ತು ಹತ್ತಿರವಾದಾಗ ಬಾರಿಸುವ ಜಾಗಟೆ ಗಾಳಿ ಈ ಕಡೆಗಿದ್ದರೆ ಇಲ್ಲಿಗೇ ಕೇಳುತ್ತದೆ.

ಕೇಳಿತು. ಅಕ್ಕನ ಅರ ನಿಂತಿತು. ಜಾಗಟೆ ಜೋರಾಯಿತು, ಜನರ ಗದ್ದಲ ಉಕ್ಕಿ ಬಂತು, ಆಮೇಲೆ ಎಲ್ಲ ತಣ್ಣಗೆ. ಗೆದ್ದವರಿಗೂ ಸೋತವರಿಗೂ ಗದ್ದಲ ಒಂದೇ. ಅಕ್ಕ ಅರವನ್ನು ಒರೆಸಿ ಇಟ್ಟರು, ಮತ್ತೆ ಎತ್ತಿಕೊಂಡರು, ಮತ್ತೆ ಒರೆಸಿದರು.

ಕೋಜೊ ಬಂದವರೇ ಮುಖ ಗಂಟು ಹಾಕಿಕೊಂಡು ಸ್ಟೂಲಿನ ಮೇಲೆ ಕೂತರು. "ಮೊದಲ ಒಂದು ಲೋಟ ಚಾ ಕೊಡು."

"ಚಹಾ ಅಲ್ಲ, ನೀರೂ ಇಲ್ಲ. ಏನಾಯ್ತು?"

"ಬೇಲಿ ಹಿಡಕೊಂಡ ಮುದುಕರೆಲ್ಲ ಅವನ್ನ ಆಡಿಕೊಂಡ್ರು. 'ಬಣ್ಣಕ್ಕೂ ಗತಿ ಇಲ್ಲೇನಲೇ ಸಕೆಮಿ, ಹಿಂದ ಬರೇ ಮೈಲೇ ಬಂದಿ!' ಅಂತ."

"ರೀ!"

ಕೋಜೊಗೆ ಇನ್ನು ತಡೆಯಲಾಗಲಿಲ್ಲ. ಮುಖವೆಲ್ಲ ಹಲ್ಲಾಯಿತು. "ಕೊನೀ ತಿರುವಿನಾಗ ಹೊರಗಿನಿಂದ ಬಂದ. ಹಿಂಭಾಗ ಒಂದೀಟೂ ಅಲುಗಲಿಲ್ಲ ನೋಡು. ಎರಡನೇದವ! ಟೈರಿನ ಅಗಲದಷ್ಟ ಮುಂದ. ಉಳಕೊಂಡ ಚಿಯೊಮಿ, ಉಳಕೊಂಡ!"

ಅಕ್ಕ ಅವರ ಬೆನ್ನಿಗೆ ಎಣ್ಣೆ ಬಟ್ಟೆಯಿಂದ ಎರಡೇಟು ಹಾಕಿ, ಆಮೇಲೆ ಚಹಾ ಕೊಟ್ಟರು.

ಸಂಜೆ ಸಕೆಮಿ ಬರುತ್ತಾರೆ, ಮೊಣಕೈಗೆ ಅಂದು ಮಳೆಯಲ್ಲಿ ಬಿದ್ದ ಗಾಯದ ಪಟ್ಟಿ, ಹೆಗಲ ಮೇಲೆ ಸೈಕಲ್ಲು. ಬಾಗಿಲಲ್ಲೇ ನಿಲ್ಲುತ್ತಾರೆ. ಅಳೆದು ಸುರಿದು ಆಡುವ ಮನುಷ್ಯ. "ಅಕ್ಕಾ, ಈ ಸಲ ತಿಳಿಯೂಹಂಗ ಹೇಳ್ತೇನ್ರೀ. ನನಗೊಂದು ಹೊಸಾ ಫ್ರೇಮ್ ಬೇಕು."

ಈ ವಯಸ್ಸಿನ ಓಟಗಾರ ಹೊಸ ಫ್ರೇಮು ಕೇಳುವುದಿಲ್ಲ. ಹಳೆಯದಕ್ಕೇ ತೇಪೆ ಹಾಕಿಸಿಕೊಂಡು ದಿನ ದೂಡುತ್ತಾನೆ. ಹೊಸದರ ಸರದಿ ಬರಲು ತಿಂಗಳುಗಟ್ಟಲೆ ಬೇಕು, ಅಲ್ಲಿಯವರೆಗೆ ತಾನಿರುತ್ತೇನೆ ಎಂಬ ನಂಬಿಕೆ ಬೇಕು. ಅಕ್ಕ ಅಳತೆಯ ಪಟ್ಟಿ ತೆಗೆದು ಅವರ ಮುಂದೆ ಮೊಣಕಾಲೂರುತ್ತಾರೆ. ಹಳೆಯ ಅಳತೆ ಇದೆಯಲ್ಲ ಎಂದು ಕೋಜೊ ನೆನಪಿಸಿದರೆ, "ಅದು ಹುಡುಗನ ಅಳತೆ" ಎನ್ನುತ್ತಾರೆ.

ಇಂಥ ಬರಹದ ಕೊನೆಯಲ್ಲಿ ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಕೇಳಿಬಿಡುತ್ತೇನೆ: "ಅಕ್ಕಾ, ಇನ್ನು ನಿಮಗೆ ಬಾಳಿನಲ್ಲಿ ಏನಾಸೆ?"

ಚಿಯೊಮಿ ಅಕ್ಕ ಪಟ್ಟಿಯ ಒಂದು ತುದಿಯನ್ನು ಸಕೆಮಿಯ ಹಿಮ್ಮಡಿಗೆ ಒತ್ತಿ ಹಿಡಿದು, ಮೇಲೆ ನೋಡುತ್ತಾರೆ.

"ಸದ್ಯಕ್ಕೆ ಇವನು ಅಳೋದು ನಿಲ್ಲಿಸಿ ನೆಟ್ಟಗೆ ನಿಂತ್ರೆ ಸಾಕು. ಇಲ್ಲಾಂದ್ರೆ ಅಳತೆ ತಪ್ಪುತ್ತೆ."