ಎರಡು ಕಾರು, ಒಂದೇ ದಾರಿ, ಅರವತ್ತು ತೆಂಗಿನಕಾಯಿ

ಬೆಳಿಗ್ಗೆ ಐದಕ್ಕೆ ಎದ್ದು ಅಂಗಳ ಗುಡಿಸಿದೆ. ದೋಸೆ ಹೊಯ್ದೆ. ಉಪ್ಪಿನಕಾಯಿ ಭರಣಿಗಳ ಬಾಯಿಬಟ್ಟೆ ಬದಲಿಸಿದೆ. ಎರಡು ಕಾರುಗಳ ಎಂಟೂ ಚಕ್ರಗಳನ್ನು ಒತ್ತಿ ಗಾಳಿ ನೋಡಿದೆ. ಆ ಕೊನೆಯದೊಂದು ಬಿಟ್ಟರೆ ಎಲ್ಲ ದಿನದ ಕೆಲಸವೇ.

ಕಾರು ಎರಡೂ ನಮ್ಮದಲ್ಲ; ಓಡಿಸಿ ನೋಡಿ ಒಂದನ್ನು ಕೊಳ್ಳುವುದಿತ್ತು. ಕೆಂಪು ಕಾರು ಬಸ್ರೂರಿನ ನನ್ನ ಅಣ್ಣನದ್ದು. ನಾನು ಡ್ರೈವಿಂಗ್ ಕಲಿತದ್ದೇ ಅದರಲ್ಲಿ, ಮನಸ್ಸೂ ಅದರ ಮೇಲೆಯೇ. ಬಿಳಿಯದು ನಮ್ಮ ಓಣಿಯ ನಿವೃತ್ತ ಮಾಸ್ತರರದ್ದು, ಎಂಜಿನ್ ಸ್ವಲ್ಪ ದೊಡ್ಡದು. ಎರಡೂ ಪೆಟ್ರೋಲಿನವು, ಹೇಳಿದ ಬೆಲೆಯೂ ಹೆಚ್ಚುಕಮ್ಮಿ ಒಂದೇ. ಸರ್ವಿಸ್ ಖರ್ಚೂ ಸರಿಸುಮಾರು ಅಷ್ಟೇ ಎಂದು ಮೆಕ್ಯಾನಿಕ್ ಹೇಳಿದ್ದರು. ಯಾವುದು ಬೇಕೆಂದು ಸಂಜೆಯೊಳಗೆ ಇಬ್ಬರಿಗೂ ತಿಳಿಸಬೇಕಿತ್ತು. ನಾನು ಮಾಡಿ ಮಾರುವ ಉಪ್ಪಿನಕಾಯಿ ಇಷ್ಟು ದಿನ ಕುಂದಾಪುರದಿಂದ ಬೈಂದೂರಿಗೆ ಹೋಗುತ್ತಿದ್ದದ್ದು ಬಸ್ಸಿನಲ್ಲಿ. ಪ್ರತಿ ಸಲವೂ ಎರಡು ಮೂರು ಬಾಟಲಿ ಒಡೆಯುತ್ತಿತ್ತು. ಕಾರಿನಲ್ಲಿ ಪೆಟ್ರೋಲು ಕಿಲೋಮೀಟರಿಗೆ ಐದು ರೂಪಾಯಿ ದಾಟಿದರೆ ಲಾಭವೆಲ್ಲ ರಸ್ತೆಗೇ. ಆಗ ಬೈಂದೂರಿನ ಅಂಗಡಿಗಳನ್ನು ಬಿಡದೆ ಬೇರೆ ದಾರಿಯಿರಲಿಲ್ಲ.

ಏಳಕ್ಕೆ ಪಂಪಿನಲ್ಲಿ ನಿಂತು "ಎರಡಕ್ಕೂ ಫುಲ್" ಎಂದೆ. ಪೆಟ್ರೋಲು ಹಾಕುವ ಶಾರದ ಕಣ್ಣರಳಿಸಿದಳು. "ಎಂತ ಅಕ್ಕ, ಯಾವಾಗ್ಳೂ ಸ್ಕೂಟರಿಗೆ ಇನ್ನೂರ್ ರೂಪಾಯಿದ್ ಹಾಕ್ಸೂದ್, ಇವತ್ತ್ ಲಾಟ್ರಿ ಹೊಡಿತಾ?"

ಕರಾರು ನನ್ನದು. ಪೈಪು ತಾನಾಗಿ ಟಕ್ಕೆಂದು ನಿಂತಲ್ಲಿಗೆ ನಿಲ್ಲಿಸಬೇಕು. ಸಂಜೆ ಇದೇ ಪಂಪಿನಲ್ಲಿ ಹಾಗೆಯೇ ತುಂಬಿಸಬೇಕು. ಆಗ ಎಷ್ಟು ಹಿಡಿಯಿತೋ ಅಷ್ಟು ಕುಡಿದ ಹಾಗೆ. ಎ.ಸಿ. ಹಾಕಬಾರದು, ಅರವತ್ತರ ಮೇಲೆ ಓಡಿಸಬಾರದು.

ನಮ್ಮ ಯಜಮಾನರು ಬಿಳಿ ಕಾರು ಹತ್ತಿದರು. "ನಿನ್ ಕೆಂಪಿ ಸಣ್ಣದಾರೂ ಕುಡೂಕೆ ಗಟ್ಟಿ, ಕಾಣ್" ಎಂದರು.

"ನಿಮ್ಮದ್ ಮಾಸ್ಟ್ರ ಕಾರಲ್ದಾ, ಕುಡೂಕೂ ಟೈಮ್‌ಟೇಬಲ್ ಇರ್ಕ್" ಎಂದೆ.

ಹೆಮ್ಮಾಡಿ, ತ್ರಾಸಿ ದಾಟಿ ಮರವಂತೆಗೆ ಬರುವಾಗ ಎಡಗಡೆಯಿಂದ ಕಡಲಿನ ಗಾಳಿ ಕಾರನ್ನೇ ತಳ್ಳುತ್ತಿತ್ತು. ಹೆದ್ದಾರಿಯಲ್ಲಿ ಇಷ್ಟು ದೂರ ನಾನೊಬ್ಬಳೇ ಓಡಿಸಿದ್ದು ಇದೇ ಮೊದಲು. ಮುಖದಲ್ಲಿ ನಗು ನಿಲ್ಲುತ್ತಿರಲಿಲ್ಲ.

ಬೈಂದೂರಿನಲ್ಲಿ ನಾದಿನಿ ಗಿರಿಜಳ ಮನೆ. ಅವಲಕ್ಕಿ, ಚಾ ಆಯಿತು. ಹೊರಡುವಾಗ ಅವಳು ಕೆಂಪು ಕಾರಿನ ಡಿಕ್ಕಿ ತೆಗೆದು ನೋಡಿ, "ಇದ್ರಗೆ ಎಂತದೂ ಹಿಡಿತಿಲ್ಲೆ ಅತ್ತಿಗೆ" ಎಂದು ಬಿಳಿಯದರ ಕಡೆ ನಡೆದಳು. ಅರವತ್ತು ತೆಂಗಿನಕಾಯಿ, ಇಪ್ಪತ್ತೈದು ಕೆಜಿ ಕುಚ್ಚಲಕ್ಕಿ. ಯಜಮಾನರು ಬೇಡವೆಂದರು.

"ಎರಡೆರಡ್ ಕಾರ್ ತಕಂಡ್ ಬಂದ್, ಬರಿ ಕೈಯಗೆ ಹೋಪುದಾ ಅಣ್ಣಯ್ಯ? ಕಂಡವ್ರ್ ಎಂತ ಹೇಳುವ್ರ್?"

ಯಜಮಾನರೇ ಮೂಟೆ ಎತ್ತಿ ಬಿಳಿ ಕಾರಿನ ಡಿಕ್ಕಿಗಿಟ್ಟರು.

ಬಂದ ದಾರಿಯಲ್ಲೇ ಹಿಂದಿರುಗಿ, ಕುಂದಾಪುರದಲ್ಲಿ ನಿಲ್ಲಿಸದೆ ಬ್ರಹ್ಮಾವರಕ್ಕೆ ಹೋದೆವು. ಟೋಲು ಎರಡಕ್ಕೂ ಒಂದೇ, ಲೆಕ್ಕಕ್ಕೆ ಹಿಡಿಯಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಸೀಟು ಕಾವಲಿಯಂತೆ ಕಾದಿತ್ತು. ಬನ್ಸ್ ತಿಂದು, ದಿನಸಿ ಅಂಗಡಿಯ ರಘುರಾಮಣ್ಣನನ್ನು ಕಂಡೆವು. "ಕಾರಲ್ ತಂದ್ ಕೊಡ್ತ್ರಿ ಅಂದ್ರೆ ಸೋಮ್ವಾರದಿಂದ ಐವತ್ ಬಾಟ್ಲಿ ಇಡಿ. ಬಸ್ಸಂಗೆ ತರೂದಾದ್ರೆ ಬ್ಯಾಡ" ಎಂದರು. ನಾನು ಆಗಲೇ ಐವತ್ತನ್ನು ಚೀಟಿಯಲ್ಲಿ ಬರೆದುಕೊಂಡೆ.

ಸಂಜೆ ನಾಲ್ಕಕ್ಕೆ ಮತ್ತೆ ಶಾರದಳ ಪಂಪು. ಎರಡೂ ಕಾರು ಓಡಿದ್ದು ನೂರ ಹದಿನಾಲ್ಕು ಕಿಲೋಮೀಟರು. ಕೆಂಪು ಕಾರಿಗೆ ಹಿಡಿದದ್ದು ಐದು ಲೀಟರು ಇನ್ನೂರು ಮಿಲಿ. ಕಿಲೋಮೀಟರಿಗೆ ನಾಲ್ಕು ರೂಪಾಯಿ ಎಪ್ಪತ್ತು ಪೈಸೆ. ಬಿಳಿಯದಕ್ಕೆ ಐದೂವರೆ ಲೀಟರು; ಐದು ರೂಪಾಯಿಗೆ ಮೂರೇ ಪೈಸೆ ಕಡಿಮೆ. ನಾನು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕೆ. ಯಜಮಾನರು ಮೀಟರನ್ನೇ ನೋಡುತ್ತಿದ್ದರು.

"ಹ್ವಾಯ್, ಬಿಳಿ ಕಾರ್ ಹಿಂದ್ ಎಂತ ತುಂಬ್ಸಿದ್ರಿ? ಅಷ್ಟ್ ತಗ್ಗಿತ್ತಲೆ" ಎಂದಳು ಶಾರದ.

ಗಾಳಿ ನೋಡಿದ್ದೆವು, ಎ.ಸಿ. ನೋಡಿದ್ದೆವು. ನೆಂಟರ ಮನೆಯಿಂದ ಬರುವಾಗ ಕಾಯಿ ತರುವುದು ಉಸಿರಾಡಿದಷ್ಟೇ ರೂಢಿ; ಅದೂ ಭಾರವೆಂದು ಇಬ್ಬರಿಗೂ ಹೊಳೆದಿರಲಿಲ್ಲ.

"ಹಂಗಾರೆ ಪರೀಕ್ಷೆ ಲೆಕ್ಕಕ್ಕಿಲ್ಲೆ. ನಾಳೆ ಇನ್ನೊಂದ್ ಸಲ ಹೋಪ" ಎಂದರು ಯಜಮಾನರು.

ನಾನು ಡಿಕ್ಕಿ ತೆಗೆದು ನಿಂತೆ. ಸೋಮವಾರ ನಾನು ಒಯ್ಯಬೇಕಾದ ಬಾಟಲಿಗಳ ಭಾರವೂ ಇಷ್ಟೇ. ಖಾಲಿ ಕಾರು ಓಡಿಸುವ ದಿನ ನನಗೆಲ್ಲಿದೆ? ಈ ಭಾರ ಹೊತ್ತೂ ಬಿಳಿ ಕಾರು ಐದು ರೂಪಾಯಿಯೊಳಗೇ ಬಂದಿತ್ತು. ಕೆಂಪಿಯಲ್ಲಿ ಇದನ್ನು ಇಡಲು ಜಾಗವೇ ಇಲ್ಲ. ಪಂಪಿನಿಂದಲೇ ಮಾಸ್ತರರಿಗೆ ಫೋನು ಮಾಡಿ, ಕಾರು ನಮಗೇ ಇರಲಿ ಎಂದೆ. ಆಮೇಲೆ ಅಣ್ಣನಿಗೂ ಹೇಳಿದೆ.

ರಾತ್ರಿ ಗಿರಿಜಳ ಕುಚ್ಚಲಕ್ಕಿಯ ಅನ್ನ, ಅವಳದ್ದೇ ಒಂದು ಕಾಯಿ ಒಡೆದು ಮಾಡಿದ ಬಂಗುಡೆ ಮೀನಿನ ಗಸಿ ಉಂಡೆವು. ಕಿಟಕಿಯಿಂದ ನೋಡಿದೆ: ಉಳಿದ ಐವತ್ತೊಂಬತ್ತು ಕಾಯಿ ಹೊತ್ತು ಬಿಳಿ ಕಾರು ಇನ್ನೂ ತಗ್ಗಿಯೇ ನಿಂತಿತ್ತು, ಪಕ್ಕದಲ್ಲಿ ಕೆಂಪಿ. "ನಾಳೆ ಕೆಂಪಿನ ಬಸ್ರೂರಿಗೆ ನಾನೇ ಓಡ್ಸ್ಕಂಡ್ ಹೋಯಿ ಬಿಟ್ಟ್ ಬತ್ತೆ" ಎಂದೆ. ಯಜಮಾನರಿಗೆ ಆಗಲೇ ನಿದ್ದೆ ಬಂದಿತ್ತು.