ಆರಗದ ಬಾವಿಗೆ ಮರಳಿದ ನೀರು

ತಾಸಿನ ಲೆಕ್ಕದಲ್ಲಿ ಊರೂರಿನ ಕಾಲೇಜುಗಳಲ್ಲಿ ಪಾಠ ಹೇಳಿ ಗಂಟಲು ಕಟ್ಟಿಸಿಕೊಂಡ ಸಾಯಲಿ ಮಗದುಮಳಿಗೆ ಕೊನೆಗೂ ಸಾಂಗಲಿಯ ವಿಶ್ವವಿದ್ಯಾಲಯದಲ್ಲಿ ನೌಕರಿ ಸಿಕ್ಕಿತು. ಬ್ರಿಟಿಷ್ ಸಾಮ್ರಾಜ್ಯ ತನ್ನ ವಿಜ್ಞಾನವನ್ನು ಹಳ್ಳಿಗಳಿಗೆ ಹೇಗೆ ತಂದಿತೆಂಬುದೇ ಅವಳ ಸಂಶೋಧನೆ. ನೌಕರಿ ಖಾಯಂ ಆಗುವುದು ಮಾತ್ರ ವಿಭಾಗದ ಮುಖ್ಯಸ್ಥ ಬಾಳಾಸಾಹೇಬರ ಕೈಯಲ್ಲಿತ್ತು.

ಹೊಸಬರು ಸೇರಿದ ದಿನ ತಮ್ಮ ಮನೆಯವರು, ಊರಿನವರ ಎದುರು ಉಪನ್ಯಾಸ ಕೊಡುವುದು ಅಲ್ಲಿಯ ರೂಢಿ. ಸಾಯಲಿ ಆರಿಸಿಕೊಂಡದ್ದು ತನ್ನೂರು ಆರಗದ ಬಾವಿಯನ್ನು. ಕಾಲರಾ ಬಂದ ವರ್ಷ ಬ್ರಿಟಿಷ್ ಸಾಹೇಬರ ಆಳುಗಳು ಅದಕ್ಕೆ ಕೆಂಪು ಔಷಧ ಸುರಿಯಲು ಬಂದಿದ್ದರು. ನೀರೊಳಗಿನ ಜೀವಗಳು ಸಾಯುತ್ತವೆಂದು ಅಜ್ಜಿ ದುಂಡವ್ವನ ತಾಯಿ ಅಡ್ಡ ನಿಂತು ಪೊಲೀಸನ ಏಟು ತಿಂದಿದ್ದಳು.

ಉಪನ್ಯಾಸಕ್ಕೆ ಮೊದಲೇ ಬಾಳಾಸಾಹೇಬರು ಅವಳನ್ನು ಕೋಣೆಗೆ ಕರೆದರು. ಮಾಲಗಾಂವದ ಅವರೂ ಅವಳಂತೆ ಕನ್ನಡ ಜೈನರೇ.

“ನಮ್ಮ ಹಿರ್ಯಾರು ನೀರು ಸೋಸಿ ಕುಡೀತಿದ್ರು, ಇಂಗ್ರೇಜರಿಗೆ ಗೊತ್ತಿರಲಿಲ್ಲ. ಅಷ್ಟ ಹೇಳು. ನಮ್ಮ ಜೈನ ಸಮಾಜದವರು ಮುಂದ ಕುಂತಾರ.”

“ಸೋಸ್ತಿದ್ದದ್ದು ಖರೇರಿ. ಆದ್ರ ಜೀವ ಉಳೀಲಿ ಅಂತ ಬಟ್ಟ್ಯಾಗ ಉಳಿದದ್ದನ್ನ ತಿರುಗಿ ಅದೇ ಬಾವಿಗೆ ಬಿಡ್ತಿದ್ರು. ಕಾಲರಾದ ಜಡ್ಡೂ ಅದರ ಜೋಡಿ ಹೋಗತಿತ್ತು.”

“ಅದನ್ನ ಬಿಡು. ಖಾಯಂ ಆಗೂದೈತಿ, ನೆನಪಿರಲಿ.”

ಸಾಯಲಿಯ ಮೈ ಉರಿಯಿತು. ಬ್ರಿಟಿಷರೇ ನಮ್ಮನ್ನು ಉಳಿಸಿದರು ಎನ್ನುವವರೂ, ಹಿರಿಯರಿಗೆ ಎಲ್ಲ ಗೊತ್ತಿತ್ತು ಎನ್ನುವವರೂ ಬಾವಿಗೆ ಅಡ್ಡ ನಿಂತ ಆ ಹೆಂಗಸನ್ನು ಸರಿಯಾಗಿ ನೋಡಿರಲೇ ಇಲ್ಲ. ಆದರೆ ಕೇಳಲು ಬಂದಿದ್ದ ಅಜ್ಜಿಗೆ ನೋವಾದೀತೆಂಬ ಭಯ ಬೇರೆ ಇತ್ತು. ದುಂಡವ್ವ ಇಂದಿಗೂ ನಳದ ನೀರನ್ನು ಬಟ್ಟೆ ಕಟ್ಟಿಯೇ ಹಿಡಿಯುತ್ತಾಳೆ. ಆ ಕಾಲರಾದಲ್ಲಿ ಅವಳ ಇಬ್ಬರು ಅಣ್ಣಂದಿರು ಸತ್ತಿದ್ದರು.

ಆದರೂ ಸಾಯಲಿ ಹೇಳಿದಳು, ಎಲ್ಲರಿಗೂ ತಿಳಿಯಲೆಂದು ಮರಾಠಿಯಲ್ಲಿ. ಬಟ್ಟೆಯ ನೀರು ಬಾವಿಗೆ ಮರಳಿದ ಮಾತು ಬಂದಾಗ ಮುಂದಿನ ಸಾಲಿನಿಂದ ಇಬ್ಬರು ಎದ್ದು ನಡೆದರು. ದುಂಡವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅದನ್ನು ಕಂಡು ಸಾಯಲಿ ಓದುತ್ತಿದ್ದ ಹಾಳೆ ಕೆಳಗಿಟ್ಟಳು.

ಬಾಳಾಸಾಹೇಬರು ಇದೇ ಸಮಯವೆಂದು ಮೈಕಿನ ಹತ್ತಿರ ಬಂದರು. “ಅಜ್ಜೀಗೆ ನೋವಾತು. ಇಲ್ಲಿಗೆ ಮುಗಸು.”

ಮುಂದಿನ ಕುರ್ಚಿ ಹಿಡಿದು ದುಂಡವ್ವ ಎದ್ದಳು.

“ನೋವಾಗೇತ್ರಿ. ಆದ್ರ ಮುಗಸೂದು ಬ್ಯಾಡ. ಸಾಯಲಿ, ನಮ್ಮವ್ವ ತಪ್ಪಿದ್ದು ಹೇಳಿದಿ. ಆಕೀಗೆ ಒಂದು ಮಾತು ತಿಳಿಸಿ ಹೇಳದೇ ಕೈ ಮಾಡಿದ್ರಲ್ಲ, ಅವರದ್ದೂ ಹೇಳು.”

ಹಾಗಂದವಳು ಕೂರಲಿಲ್ಲ, ನಿಂತೇ ಇದ್ದಳು. ಖಾಯಂ ಮಾಡುವವರು ಬೇಕಾದರೆ ಹೊರಟು ಹೋಗಲಿ ಎಂದುಕೊಂಡ ಸಾಯಲಿ ಮೈಕನ್ನು ತನ್ನ ಕಡೆ ತಿರುಗಿಸಿಕೊಂಡು, ಹೊಡೆದ ಪೊಲೀಸನ ಹೆಸರಿನಿಂದಲೇ ಮತ್ತೆ ಶುರು ಮಾಡಿದಳು.