ಸೆಕೆ ಬೇರೆ, ಬಿಸಿ ಬೇರೆ

ಕೋವಿಡ್ ಗಲಾಟೆ ಮುಗಿದು ಕಚೇರಿಗಳು ಮತ್ತೆ ತುಂಬಿಕೊಂಡ ವರ್ಷ. ನಾನು ಒಂದು ಬ್ಯಾಂಕಿನ ಕಟ್ಟಡ ವಿಭಾಗದಲ್ಲಿ ಸಿವಿಲ್ ಇಂಜಿನಿಯರ್. ಏಪ್ರಿಲ್ ಮೊದಲ ವಾರ ನನ್ನನ್ನು ಮಂಗಳೂರಿನಿಂದ ವಿಶಾಖಪಟ್ಟಣದ ವಲಯ ಕಚೇರಿಗೆ ವರ್ಗ ಮಾಡಿದರು. ಬ್ಯಾಂಕಿನಲ್ಲಿ ಸಿವಿಲ್ ಇಂಜಿನಿಯರಿಗೆ ಏನು ಕೆಲಸ ಎಂದು ಕೇಳುವವರಿದ್ದಾರೆ. ಶಾಖೆಗಳ ಕಟ್ಟಡ, ಸಿಬ್ಬಂದಿಯ ವಸತಿಗೃಹ, ಸೋರುವ ತಾರಸಿ, ಕುಸಿದ ಕಾಂಪೌಂಡು, ಕಟ್ಟಿಕೊಂಡ ಪೈಪು, ಎಲ್ಲವೂ ನಮ್ಮ ತಲೆಗೇ. ಪೈಪು ಕಟ್ಟಿದಾಗ ಮಾತ್ರ ನಮ್ಮ ನೆನಪಾಗುತ್ತದೆ ಜನರಿಗೆ.

ಆ ವರ್ಷ ವಿಭಾಗದ ಕೈಯಲ್ಲಿ ಒಂದು ಯೋಜನೆ ಇತ್ತು. ಹಳೆಯ ವಸತಿಗೃಹಗಳ ತಾರಸಿಗೆ ಇನ್ಸುಲೇಶನ್ ಹಾಕುವುದು. ಇನ್ಸುಲೇಶನ್ ಎಂದರೆ ಶಾಖ ದಾಟದಂತೆ ತಡೆಯುವ ಪದರ. ಕಾಂಕ್ರೀಟಿನ ಸ್ಲ್ಯಾಬು ಹಗಲೆಲ್ಲ ಬಿಸಿಲನ್ನು ಕುಡಿದು, ಸಂಜೆ ಹೊರಗೆ ತಣ್ಣಗಾಗುವ ಹೊತ್ತಿಗೆ ಅದನ್ನು ಮನೆಯೊಳಗೆ ಬಿಡುತ್ತದೆ. ಹಾಗಾಗಿ ಮೇಲಿನ ಮಹಡಿಯವರಿಗೆ ಮಧ್ಯಾಹ್ನಕ್ಕಿಂತ ಸಂಜೆಯೇ ನರಕ. ಸ್ಲ್ಯಾಬಿನ ಮೇಲೆ ಗಟ್ಟಿ ಫೋಮಿನ ಹಲಗೆ ಹಾಸಿ, ಅದರ ಮೇಲೆ ಗಾರೆ, ಬಿಳಿ ಟೈಲು ಕೂರಿಸಿದರೆ ಬಿಸಿಲು ಅಲ್ಲೇ ನಿಲ್ಲುತ್ತದೆ. ವಿಶಾಖಪಟ್ಟಣದ ಅಂಚಿನ ಪೆಂಡುರ್ತಿಯಲ್ಲಿ ನಮ್ಮ ಹಳೆಯ ಮನೆಗಳಿಗೆ ನಾನು ಬರುವ ಮೊದಲೇ ಈ ಕೆಲಸ ಆಗಿತ್ತು. ಮುಂದಿನ ಸರದಿ ವಿಜಯವಾಡದ್ದು.

ಅಳತೆಗೆಂದು ವಿಜಯವಾಡಕ್ಕೆ ಹೋದೆ. ಗವರ್ನರ್‌ಪೇಟೆಯ ಸಗಟು ಅಂಗಡಿಗಳ ಹಿಂದಿನ ಓಣಿಯಲ್ಲಿ ಬ್ಯಾಂಕಿನ ಹಳೆಯ ಕಟ್ಟಡ. ಕೆಳಗೆ ಶಾಖೆ, ಮೇಲೆ ಒಂದೇ ಮನೆ. ಅಲ್ಲಿದ್ದವರು ದಾವಣಗೆರೆಯಿಂದ ವರ್ಗವಾಗಿ ಬಂದ ಗುಮಾಸ್ತ ಕೊಟ್ರೇಶ್, ಹೆಂಡತಿ ಸುಮಾ, ಎರಡನೇ ತರಗತಿಯ ಮಗಳು ಇಂಚರ. ಬಾಗಿಲು ತೆರೆದದ್ದು ಇಂಚರ. ಅವಳ ಫ್ರಾಕಿನಿಂದ ನೀರು ತೊಟ್ಟಿಕ್ಕುತ್ತಿತ್ತು.

“ಎಂತ ಮಾರಾಯ್ತಿ, ನೀರಾಟ ಆಡಿದ್ಯಾ?” ಎಂದೆ.

ಅವಳು ಬಾಯಿ ಬಿಟ್ಟು ನಕ್ಕಳು. ಹಲ್ಲು ಅಲ್ಲೊಂದು ಇಲ್ಲೊಂದು. ಒಳಗಿನಿಂದ ಸುಮಾ ಬಂದವರು ನನ್ನೆದುರಿಗೇ ಮಗುವಿನ ಬೆನ್ನಿಗೆ ಇನ್ನೊಂದು ಚೊಂಬು ನೀರು ಸುರಿದರು. ನಾನು ದಂಗಾಗಿ ನಿಂತೆ.

“ಈಕೀಗೆ ಹುಟ್ಟಿದಾಗಿಂದ ಬೆವರೇ ಬರಂಗಿಲ್ಲ ಮೇಡಂ,” ಎಂದರು ಕೊಟ್ರೇಶ್. “ಬೆವರಿನ ಗ್ರಂಥಿನೇ ಇಲ್ಲಂತೆ. ಮನೆ ಕಾದರೆ ಮೈನೂ ಕಾಯ್ತದೆ. ಹೋದ ಬ್ಯಾಸಿಗೇಲಿ ಕರೆಂಟ್ ಹೋಗಿ ಎಸಿ ನಿಂತಿತ್ತು ನೋಡ್ರಿ, ಅರ್ಧ ತಾಸಿನಾಗೆ ಜ್ವರ ಏರಿ ಫಿಟ್ಸ್ ಬಂತು.”

ಅದಕ್ಕೇ ಒದ್ದೆ ಫ್ರಾಕು. ಬೆವರು ಮಾಡಬೇಕಾದ ಕೆಲಸವನ್ನು ತಾಯಿ ಚೊಂಬಿನಿಂದ ಮಾಡುತ್ತಿದ್ದರು. ಫೆಬ್ರವರಿಯಿಂದ ಜೂನಿನವರೆಗೆ ಆ ಹುಡುಗಿ ಒಣಬಟ್ಟೆ ತೊಡುವುದೇ ಇಲ್ಲವಂತೆ. ಬೇರೆ ಕಟ್ಟಡದಲ್ಲಿ ಕೆಳಮಹಡಿಯ ಮನೆ ಬೇಕೆಂದು ಕೊಟ್ರೇಶ್ ಕೊಟ್ಟ ಅರ್ಜಿಗೆ ಉತ್ತರ ಬಂದಿರಲಿಲ್ಲ. ವರ್ಗಾವಣೆಗೆ ಇನ್ನೂ ಎರಡು ವರ್ಷ ಕಾಯಬೇಕು. ಗಂಡ ಹೆಂಡತಿ ತೀರ್ಮಾನ ಮಾಡಿ ಆಗಿತ್ತು. ಮೇ ತಿಂಗಳೊಳಗೆ ತಾರಸಿ ಆಗದಿದ್ದರೆ ಸುಮಾ ಮಗಳನ್ನು ಹಾಸನದ ಅಕ್ಕನ ಮನೆಗೆ ಕರೆದೊಯ್ದು ಅಲ್ಲೇ ಶಾಲೆಗೆ ಸೇರಿಸುವುದು, ಕೊಟ್ರೇಶ್ ಇಲ್ಲಿ ಒಬ್ಬರೇ ಇರುವುದು.

“ನಮ್ಮಪ್ಪ ಬರಲ್ಲಂತೆ ಆಂಟೀ,” ಎಂದಳು ಇಂಚರ. “ನೇನು ವೆಳ್ಳನು.” ನಾನು ಹೋಗುವುದಿಲ್ಲ ಎಂದು ತೆಲುಗಿನಲ್ಲಿ. ಹಟ ಮಾಡುವಾಗ ಅವಳಿಗೆ ಶಾಲೆಯ ಭಾಷೆಯೇ ನಾಲಿಗೆಗೆ ಬರುತ್ತಿತ್ತು.

ಶಾಖ ಅಳೆಯುವ ಗನ್ನನ್ನು ಮೇಲ್ಚಾವಣಿಗೆ ಹಿಡಿದೆ. ಸಂಜೆ ಆರಕ್ಕೆ ನಲವತ್ತಮೂರು ಡಿಗ್ರಿ. “ಎಲ್ಲಿಗೂ ಹೋಗ್ಬೇಡಿ. ಮೇ ಬರುವುದರೊಳಗೆ ನಾನು ಇದನ್ನು ಮಾಡಿಸ್ತೇನೆ,” ಎಂದುಬಿಟ್ಟೆ. ನನ್ನ ಬಾಯಿ ಯಾವಾಗಲೂ ಫೈಲಿಗಿಂತ ಮುಂದೆ ಓಡುತ್ತದೆ.

ವಿಶಾಖಪಟ್ಟಣಕ್ಕೆ ವಾಪಸು ಬಂದು ಕುರ್ಚಿಯಲ್ಲಿ ಕೂತಿದ್ದೆನೋ ಇಲ್ಲವೋ, ಮುಖ್ಯ ಕಚೇರಿಯಿಂದ ಆದೇಶ ಬಂತು. ಪೆಂಡುರ್ತಿಯಲ್ಲಿ ಇನ್ಸುಲೇಶನ್ ವಿಫಲವಾಗಿದೆ, ಆದ್ದರಿಂದ ವಿಜಯವಾಡದ ಕೆಲಸ ರದ್ದು. ನನ್ನ ಪಿತ್ತ ನೆತ್ತಿಗೇರಿತು. ಫೋಮಿನ ಹಲಗೆ ಕೆಲಸ ಮಾಡದೇ ಇರುವುದು ಹೇಗೆ? ಅದೇನು ಗುಮಾಸ್ತನೇ, ರಜೆ ಹಾಕಿ ಹೋಗಲು? ನಮ್ಮ ಕಿರಿಯ ಇಂಜಿನಿಯರ್ ಕಿರಣ್‌ನನ್ನು ಕರೆದೆ. ಅವನು ವಿಶಾಖಪಟ್ಟಣದವನೇ. ಪೆಂಡುರ್ತಿಯ ಮನೆಮನೆಗೆ ಹೋಗಿ ದೂರು ಕೇಳಿ ಇಂಗ್ಲಿಷಿನಲ್ಲಿ ವರದಿ ಕಳಿಸಿದವನು ಅವನು. “ಎಲ್ಲರೂ ಹೀಟ್ ಅಂತಾರೆ ಮೇಡಂ,” ಎಂದ.

“ಹೊರಡು, ನನ್ನೆದುರು ಇನ್ನೊಂದು ಸಲ ಹೇಳಲಿ,” ಎಂದು ಅವನನ್ನು ಜೀಪಿಗೆ ಹತ್ತಿಸಿದೆ.

ಪೆಂಡುರ್ತಿಯ ಮೊದಲ ಮನೆ ಹೆಡ್ ಕ್ಯಾಷಿಯರರದು. ಅವರ ಹೆಂಡತಿ ಸತ್ಯವತಿಯವರು ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ ಬಂದರು. ನಾನು ಚಾವಣಿಗೆ ಗನ್ ಹಿಡಿದೆ. ಮೂವತ್ತಮೂರು. ಹಲಗೆ ತನ್ನ ಕೆಲಸವನ್ನು ನೀಟಾಗಿ ಮಾಡುತ್ತಿತ್ತು. ಆದರೆ ಐದು ನಿಮಿಷದಲ್ಲಿ ನನ್ನ ರವಿಕೆ ಬೆನ್ನಿಗೆ ಅಂಟಿತು. ಬಿಸಿ ಹೇಗಿದೆ ಎಂದು ನನ್ನ ಹರಕು ತೆಲುಗಿನಲ್ಲಿ ಕೇಳಿದೆ.

“ವೇಡಿ ತಗ್ಗಿಂದಮ್ಮಾ,” ಎಂದರು ಅವರು. ಬಿಸಿ ಕಡಿಮೆಯಾಗಿದೆ. “ಉಕ್ಕ ಚಂಪೇಸ್ತೋಂದಿ!”

ಉಕ್ಕ ಕೊಲ್ಲುತ್ತಿದೆ. ಕನ್ನಡದ ಕಿವಿಗೆ ಮೊದಲು ಕೇಳಿಸಿದ್ದು ಉಕ್ಕು. ಅದೂ ಉಕ್ಕಿನ ಕಾರ್ಖಾನೆಯ ಊರು. ಸ್ಲ್ಯಾಬಿನ ಕಬ್ಬಿಣವೇನಾದರೂ ಹೊರಬಂತೇ ಎಂದು ಮೇಲೆ ನೋಡಿದೆ. ಸತ್ಯವತಿಯವರು ಸೆರಗನ್ನು ಹಿಂಡುವಂತೆ ಮಾಡಿ ತೋರಿಸಿ, ಉಸ್ಸಪ್ಪಾ ಎಂದು ಬೀಸಿಕೊಂಡರು. ತಕ್ಷಣ ಹೊಳೆಯಿತು.

“ಅಯ್ಯೋ, ಸೆಕೆ!” ಎಂದು ಕೂಗಿದೆ. “ಇದು ಬಿಸಿ ಅಲ್ಲ ಮಾರಾಯಾ, ಸೆಕೆ!”

ನಾನು ಕುಂದಾಪುರದವಳು. ಸಮುದ್ರದ ಪಕ್ಕ ಹುಟ್ಟಿದವರಿಗೆ ಸೆಕೆ ಎಂದರೆ ಏನೆಂದು ಯಾರೂ ಕಲಿಸಬೇಕಿಲ್ಲ. ಗಾಳಿಯಲ್ಲಿ ನೀರಿನ ಪಸೆ ತುಂಬಿ, ಎಲೆ ಅಲುಗದೆ, ಬಂದ ಬೆವರು ಆರದೆ ಮೈಯಲ್ಲೇ ಕೂತು ಜೀವ ಹಿಂಡುವುದಕ್ಕೆ ನಾವು ಸೆಕೆ ಎನ್ನುತ್ತೇವೆ. ಬಿಸಿಲಿನ ಝಳ ಬೇರೆ, ಅದು ಬೇರೆ. ಉಕ್ಕಕ್ಕೆ ಇಂಗ್ಲಿಷಿನಲ್ಲಿ ಏನು ಬರೆದೆ ಎಂದು ಕಿರಣ್‌ನನ್ನು ಕೇಳಿದೆ. ಅವನು ತಲೆ ಕೆರೆದುಕೊಂಡ.

“ಇಂಗ್ಲಿಷಲ್ಲಿ ಉಕ್ಕಕ್ಕೆ ಏನಿದೆ ಮೇಡಂ? ಹೀಟ್ ಅಂತಲೇ ಹಾಕಿದೆ.”

ಅವನನ್ನು ಬೈಯುವಂತಿರಲಿಲ್ಲ. ಇದ್ದ ಒಂದೇ ಪದವನ್ನು ಅವನು ಹಾಕಿದ್ದ. ಹ್ಯೂಮಿಡಿಟಿ ಎಂಬುದೊಂದಿದೆ, ಆದರೆ ಅದು ಹವಾಮಾನದವರ ಅಂಕಿ. ಸೆಕೆಯಲ್ಲಿ ಬೇಯುತ್ತಿರುವ ಹೆಂಗಸು ಅದನ್ನು ಹೇಳುವುದಿಲ್ಲ.

ಸೆಕೆ ಎಲ್ಲಿಂದ ಬಂತು? ಗೋಡೆ ನೋಡಿದೆ. ಬಾಗಿಲ ಮೇಲೆ ಹಿಂದೆ ವೆಂಟಿಲೇಟರ್, ಅಂದರೆ ಗಾಳಿಕಿಂಡಿ, ಇದ್ದ ಜಾಗದಲ್ಲೆಲ್ಲ ಹೊಸ ಸಿಮೆಂಟಿನ ಚೌಕ. ಗುತ್ತಿಗೆದಾರ ಒಂದನ್ನೂ ಬಿಡದೆ ಮುಚ್ಚಿದ್ದ. ಅವನಿಗೆ ಕೊಟ್ಟಿದ್ದ ಕೈಪಿಡಿಯಲ್ಲಿ ಹಾಗೆಯೇ ಇತ್ತು. ಅದು ಎತ್ತರದ ಮರುಭೂಮಿಯ ಹಳೆಯ ಮನೆಗಳಿಗೆಂದು ಯಾರೋ ಬರೆದ ಕೈಪಿಡಿ. ಅಲ್ಲಿ ಗಾಳಿ ಒಣ, ರಾತ್ರಿ ಕೊರೆಯುವ ಚಳಿ. ಸಂದುಗೊಂದು ಮುಚ್ಚುವುದು ಅಲ್ಲಿಗೆ ಸರಿ. ಸಮುದ್ರದ ಊರಿನಲ್ಲಿ ಹಾಗೆ ಮಾಡಿದರೆ ಒಲೆಯ ಮೇಲಿನ ಅನ್ನ, ಒಗೆದ ಬಟ್ಟೆ, ಐದು ಜನರ ಉಸಿರು ಎಲ್ಲದರ ಹಬೆಯೂ ಒಳಗೇ ಸುತ್ತುತ್ತದೆ.

ಅವತ್ತೇ ಸತ್ಯವತಿಯವರ ಮನೆಯ ಗಾಳಿಕಿಂಡಿಗಳನ್ನು ಒಡೆಸಿದೆ. ಧೂಳಿನಲ್ಲಿ ನಿಂತೇ ಅವರು ನಮಗೆ ಮಜ್ಜಿಗೆ ಕೊಟ್ಟರು. ಮರುದಿನ ಅವರೇ ಫೋನ್ ಮಾಡಿ, ಉಕ್ಕ ಹೋಯಿತಮ್ಮಾ, ಉಳಿದ ಮನೆಯವರು ಸುತ್ತಿಗೆ ಹಿಡಿದು ಕಾಯುತ್ತಿದ್ದಾರೆ ಎಂದರು.

ಇನ್ನು ಮುಖ್ಯ ಕಚೇರಿಯನ್ನು ಒಪ್ಪಿಸಬೇಕಿತ್ತು. ಅಲ್ಲಿನ ನಮ್ಮ ಮೇಲಧಿಕಾರಿ ತ್ರಿಪಾಠಿಯವರು, ಅಲಹಾಬಾದಿನವರು. ವಿಡಿಯೋ ಮೀಟಿಂಗಿನಲ್ಲಿ ನಾನು ಚಾವಣಿಯ ತಾಪಮಾನ, ಗಾಳಿಯ ತೇವಾಂಶ, ಗ್ರಾಫು ಎಲ್ಲ ತೋರಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ, ಇಂಗ್ಲಿಷಿನಲ್ಲಿ. ನೀವು ಹೀಟ್ ಕಡಿಮೆಯಾಗಿದೆ ಅನ್ನುತ್ತೀರಿ, ಜನ ಹೀಟ್ ಅನ್ನುತ್ತಾರೆ, ನಾನು ಯಾರನ್ನು ನಂಬಲಿ? ಮತ್ತೆ ವಿವರಿಸಿದೆ. ಮತ್ತೆ ಅದೇ ಪ್ರಶ್ನೆ. ನನ್ನ ತಾಳ್ಮೆ ಮುಗಿಯುತ್ತ ಬಂದಿತ್ತು. ಕಣ್ಣ ಮುಂದೆ ಆ ಒದ್ದೆ ಫ್ರಾಕು. ಅಲಹಾಬಾದಿನಲ್ಲೂ ಮಳೆಗಾಲ ಇದೆಯಲ್ಲ, ಮಳೆ ನಿಂತ ಮಧ್ಯಾಹ್ನ ಅಲ್ಲಿನವರು ಏನಾದರೂ ಅನ್ನಲೇಬೇಕಲ್ಲ ಎಂದು ಯೋಚಿಸಿದೆ. ನಮ್ಮ ಹಾಸ್ಟೆಲಿನ ಉತ್ತರದ ಹುಡುಗಿಯರು ಗೊಣಗುತ್ತಿದ್ದ ಮಾತು ನೆನಪಾಯಿತು.

“ಗರ್ಮೀ ನಹೀ ಹೈ ಸರ್,” ಎಂದೆ. “ಉಮಸ್ ಹೈ. ಉಮಸ್.” ಬಿಸಿಯಲ್ಲ, ಸೆಕೆ ಎಂದು ಹಿಂದಿಯಲ್ಲಿ.

ಪರದೆಯ ಮೇಲೆ ತ್ರಿಪಾಠಿಯವರು ಕುರ್ಚಿಗೆ ಒರಗಿದರು. “ಅರೇ,” ಎಂದರು. “ಉಮಸ್! ಹಾಗೆ ಮೊದಲೇ ಹೇಳಬಾರದೇ?” ಗ್ರಾಫುಗಳನ್ನು ಅವರು ಆಮೇಲೆ ನೋಡಲೇ ಇಲ್ಲ. ರದ್ದತಿಯೇ ರದ್ದಾಯಿತು.

ಅಷ್ಟರಲ್ಲಿ ಏಪ್ರಿಲ್ ಮುಗಿಯುತ್ತ ಬಂದಿತ್ತು. ಸುಮಾ ಹಾಸನಕ್ಕೆ ಟಿಕೆಟು ಮಾಡಿಸಿದ್ದರು. ನಾನು ಗವರ್ನರ್‌ಪೇಟೆಯ ಲಾಡ್ಜಿನಲ್ಲಿ ಬೀಡುಬಿಟ್ಟೆ. ಹಗಲು ಆ ಓಣಿಗೆ ಲಾರಿ ಬರುವಂತಿಲ್ಲ. ಫೋಮಿನ ಹಲಗೆಗಳನ್ನು ಆಟೋಗಳ ಮೇಲೆ ಕಟ್ಟಿ ತರಿಸಿದೆ. ಹಲಗೆಗೆ ತೂಕವೇ ಇಲ್ಲ. ತಾರಸಿಯ ಮೇಲೆ ಬಿಸಿಗಾಳಿ ಬೀಸಿದ್ದೇ ಎರಡು ಹಲಗೆ ಹಾರಿ ಪಕ್ಕದ ಸೀರೆ ಅಂಗಡಿಯ ಗಿರಾಕಿಗಳ ನಡುವೆ ಇಳಿದವು. ಮಾಲೀಕರು ಬೀದಿಗೆ ಬಂದು ನನ್ನ ವಂಶವನ್ನೆಲ್ಲ ನೆನೆದರು. ಅವರಿಗೆ ಕೈಮುಗಿದು ಮೇಲೆ ಬಂದರೆ, ಗುತ್ತಿಗೆದಾರ ವೆಂಕಟೇಶ್ವರ್ಲು ಆಗಲೇ ಇಟ್ಟಿಗೆ ಹಿಡಿದು ವೆಂಟಿಲೇಟರಿನ ಮುಂದೆ ನಿಂತಿದ್ದ.

“ಡ್ರಾಯಿಂಗ್‌ಲೋ ಉಂದಂಡಿ,” ಎಂದ. ನಕ್ಷೆಯಲ್ಲಿದೆ ಎಂದು.

“ಈಗ ಇಲ್ಲ,” ಎಂದು ಪೆನ್ನು ತೆಗೆದು ಅದನ್ನು ಹೊಡೆದುಹಾಕಿ ಸಹಿ ಮಾಡಿದೆ.

ಹಾಗೆಂದು ಪೆಂಡುರ್ತಿಯ ಪಾಠವನ್ನು ಇಲ್ಲಿಗೆ ಹಾಗೆಯೇ ಹೊತ್ತು ತರುವಂತೆಯೂ ಇರಲಿಲ್ಲ. ವಿಜಯವಾಡದ ಮೇ ಮಧ್ಯಾಹ್ನದ ಗಾಳಿ ಒಲೆಯ ಬಾಯಿಂದ ಬಂದಂತೆ. ಆಗ ಕಿಂಡಿ ಮುಚ್ಚಿರಬೇಕು, ಹೊತ್ತು ಮುಳುಗಿದ ಮೇಲೆ ತೆರೆಯಬೇಕು. ಕಿಂಡಿಗಳಿಗೆ ಮರದ ಮುಚ್ಚಳ ಮಾಡಿಸಿ ಹಗ್ಗ ಕಟ್ಟಿಸಿದೆ. ತಾರಸಿ ಮುಗಿದ ಮೇಲೂ ಮಲಗುವ ಕೋಣೆ ನನಗೆ ಒಪ್ಪಿಗೆಯಾಗಲಿಲ್ಲ. ಪಶ್ಚಿಮದ ಗೋಡೆ ಮುಟ್ಟಿದರೆ ಕೈ ಸುಡುತ್ತಿತ್ತು. ಅದರ ಹೊರಗೂ ಫೋಮು ಹೊದಿಸಿ, ಜಾಲರಿ ಬಡಿದು, ಗಾರೆ ಮಾಡಿಸಿದೆ. ವೆಂಕಟೇಶ್ವರ್ಲು ನನಗೆ ತಲೆ ಕೆಟ್ಟಿದೆ ಎಂದು ಊರಿಗೆಲ್ಲ ಹೇಳಿದನಂತೆ. ಹೇಳಲಿ. ಟಿಕೆಟಿನ ದಿನ ಹತ್ತಿರ ಬರುತ್ತಿತ್ತು, ನಾನು ಬಿಡುವವಳಾಗಿರಲಿಲ್ಲ.

“ಅಕ್ಕಾ, ಪುಟ್ಟಿ ಹುಟ್ಟಿದಹಬ್ಬ ಮುಗಿಸಿ ಹೋಗ್ತೀವ್ರಿ. ನೀವೂ ಬರಬೇಕು,” ಎಂದು ಸುಮಾ ಕರೆದರು. ಹೋಗ್ತೀವಿ ಎಂಬ ಮಾತು ನನಗೆ ಚುಚ್ಚಿತು. ಆದರೆ ಅವರದು ತಪ್ಪು ಎನ್ನಲಾರೆ. ಫಿಟ್ಸ್ ಬಂದ ಮಗುವನ್ನು ಎತ್ತಿಕೊಂಡು ಓಡಿದವರು ಅವರು, ನಾನಲ್ಲ.

ಹುಟ್ಟುಹಬ್ಬದ ದಿನ ಸಂಜೆ ನಾನು ಓಣಿ ಹೊಕ್ಕಾಗ ಬೀದಿಗೆ ಬೀದಿಯೇ ಕತ್ತಲು. ನಾಲ್ಕು ಗಂಟೆಗೇ ಕರೆಂಟ್ ಹೋಗಿದೆ ಎಂದು ಕೆಳಗಿನ ಕಾವಲುಗಾರ ಹೇಳಿದ. ಎಸಿ ನಿಂತು ಆಗಲೇ ಮೂರು ತಾಸು. ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದದ್ದು ಇಂಚರ.

“ಆಂಟೀ! ನೀವ್ಯಾಕೆ ಇಷ್ಟು ಒದ್ದೆ?” ಎಂದಳು.

ನಾನು ನನ್ನನ್ನು ನೋಡಿಕೊಂಡೆ. ಸೀರೆ ಬೆವರಿನಲ್ಲಿ ತೊಯ್ದು ಹೋಗಿತ್ತು. ಆಮೇಲೆ ಅವಳನ್ನು ನೋಡಿದೆ. ಗುಲಾಬಿ ಬಣ್ಣದ ಫ್ರಾಕು. ಇಸ್ತ್ರಿಯ ಗೆರೆ ಹಾಗೇ ಇತ್ತು, ನೆರಿಗೆ ಗರಿಗರಿ. ಒಣಗಿದ ಫ್ರಾಕು.

ಒಳಗೆ ಇನ್ವರ್ಟರಿನಲ್ಲಿ ಫ್ಯಾನ್ ತಿರುಗುತ್ತಿತ್ತು. ಕೊಟ್ರೇಶ್ ಹಗ್ಗ ಎಳೆದು ಕಿಂಡಿ ತೆರೆಯುತ್ತಿದ್ದರು. ಚಾವಣಿಗೆ ಗನ್ ಹಿಡಿದೆ, ಮೂವತ್ತಮೂರು. ಸುಮಾ ಮಗಳ ಕಂಕುಳಿಂದ ಥರ್ಮಾಮೀಟರ್ ತೆಗೆದು ದೀಪದ ಹತ್ತಿರ ಹಿಡಿದು ನೋಡಿ, ನನ್ನ ಕೈಗೆ ಕೊಟ್ಟರು. ಜ್ವರ ಇರಲಿಲ್ಲ. ನನಗೆ ಅಳು ಬಂತು, ಅತ್ತುಬಿಟ್ಟೆ. ಬೆವರಿನಲ್ಲಿ ಅದು ಯಾರಿಗೂ ಗೊತ್ತಾಗಲಿಲ್ಲ ಎಂದುಕೊಂಡಿದ್ದೇನೆ.

ಕೇಕು ಕತ್ತರಿಸುವ ಮುಂಚೆ ಸುಮಾ ಫೋನಿನಲ್ಲಿ ಅಕ್ಕನಿಗೆ ಹೇಳುತ್ತಿದ್ದದ್ದು ಕೇಳಿಸಿತು: “ಬರಂಗಿಲ್ಲ ಅಕ್ಕ, ಟಿಕೆಟ್ ವಾಪಸ್ ಮಾಡ್ತೀವಿ. ಇಲ್ಲೇ ಇರ್ತೀವಿ.”

ಮುಂದೆ ನಿವೃತ್ತಿಯಾಗುವವರೆಗೂ ನನ್ನ ವಿಭಾಗದಲ್ಲಿ ಒಂದು ನಿಯಮ ಇಟ್ಟೆ. ದೂರು ಹೇಳಿದವರ ಮಾತನ್ನು ಅವರದೇ ಭಾಷೆಯಲ್ಲಿ, ಅವರು ಅಂದ ಹಾಗೆಯೇ ಮೊದಲು ಬರೆಯಬೇಕು, ಇಂಗ್ಲಿಷು ಆಮೇಲೆ. ಹೊಸಬರು ಇದೆಂಥ ಹುಚ್ಚು ಎಂದು ನಗುತ್ತಿದ್ದರು. ನಾನು ವಾದ ಮಾಡುತ್ತಿರಲಿಲ್ಲ. ಕುರ್ಚಿ ಎಳೆದು ಕೂರಿಸಿ ಗವರ್ನರ್‌ಪೇಟೆಯ ಫ್ರಾಕಿನ ಕತೆ ಹೇಳುತ್ತಿದ್ದೆ. ಆಮೇಲೆ ಅವರು ಸೆಕೆಯನ್ನು ಸೆಕೆ ಎಂದೇ ಬರೆಯುತ್ತಿದ್ದರು.